ಕಂಕನಾಡಿಯ ಬಡವರ ವೈದ್ಯ ಫಾದರ್ ಮುಲ್ಲರ್

ಸೊರಬ ತಾಲ್ಲೂಕಿನ ಕುಬಟೂರಿಗೆ ಬಂದು ಕೈಟಭೇಶ್ವರ ದೇವಾಲಯವನ್ನು ನೋಡಿದವರು ಶಿರಾಳಕೊಪ್ಪದ ಬಳಿಯ ಬಳ್ಳಿಗಾವಿಗೂ ಹೋಗದೆ ಹಿಂದಿರುಗುವುದು ಅಪರೂಪ. ಬಳ್ಳಿಗಾವಿಯ ಕೋಡಿಯಮಠಕ್ಕೆ ಸಂಬಂಧಿಸಿದ 1162ರ ಶಾಸನವೊಂದು ಇತಿಹಾಸಕಾರರಿಗೆ ಚಿರಪರಿಚಿತವಾದುದು. ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ಶಾಸನವು ಒಂದೊಂದಾಗಿ ಹೇಳುತ್ತಾ ಹೋಗುತ್ತದೆ. ವ್ಯಾಕರಣ ಮತ್ತು ದರ್ಶನಗಳ ಪಾಠ, ದೀನರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ನಿತ್ಯ ಅನ್ನದಾನ, ಇವುಗಳ ಜೊತೆಗೆ ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ. ಎಂಟುನೂರು ವರ್ಷಗಳಿಗೂ ಹಿಂದೆ ನಮ್ಮ ಶಿಕಾರಿಪುರ ಸೀಮೆಯಲ್ಲಿ ಅನಾಥ ರೋಗಿಗೊಂದು ನೆಲೆಯಿತ್ತು ಎಂಬುದು ಹೆಮ್ಮೆಯ ಸಂಗತಿ. ಅದರ ಖರ್ಚಿಗೆ ಅರಸರು ಬಿಟ್ಟ ದತ್ತಿಗಳಿದ್ದವು. ಅರಸೊತ್ತಿಗೆಗಳು ಅಳಿದವು, ದತ್ತಿಗಳೂ ಅಳಿದವು. ಕಾಸಿಲ್ಲದ ರೋಗಿಗೆ ಮದ್ದು ಕೊಡುವವರಾರು, ಆ ಮದ್ದಿನ ಖರ್ಚನ್ನು ಹೊರುವವರಾರು ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಸಣ್ಣ ಊರಿನ ವೈದ್ಯರ ಬೆಲೆ ನಮ್ಮ ಭಾಗದವರಿಗೆ ಯಾರೂ ಹೇಳಿಕೊಡಬೇಕಾದುದಲ್ಲ. ಮಲೆನಾಡಿನ ಚಳಿಜ್ವರವು ಮನೆಮನೆಯಲ್ಲೂ ಮಂಡೆ ಹೂಡಿದ್ದ ಕಾಲವನ್ನು ಹಿರಿಯರು ಮರೆತಿಲ್ಲ. 1957ರಲ್ಲಿ ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಕಾಡಿಗೆ ಹೋಗಿ ಬಂದವರು ಉರಿಜ್ವರದಿಂದ ಮಲಗಿದರು. ಉಣುಗು ಕಚ್ಚುವುದರಿಂದ ಹರಡುವ ಹೊಸದೊಂದು ವೈರಸ್ಸನ್ನು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪತ್ತೆ ಹಚ್ಚಿದರು. ನಮ್ಮ ಕಾಡಿನ ಹೆಸರೇ ಆ ರೋಗದ ಹೆಸರಾಗಿ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ವಿಜ್ಞಾನಿಗಳು ಬರುವುದಕ್ಕೆ ಮುನ್ನ ಇಂತಹ ಜ್ವರಪೀಡಿತರ ಹಾಸಿಗೆಯ ಬಳಿ ಕುಳಿತು ನಾಡಿ ಹಿಡಿದು ನೋಡುವವರು ಹತ್ತಿರದ ಪೇಟೆಯ ವೈದ್ಯರೇ. ಅವರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇರುವುದಿಲ್ಲ.

ಅಂತಹ ವೈದ್ಯರೆಲ್ಲರನ್ನೂ ಒಂದಾಗಿ ನೆನೆಯಲು ನವೆಂಬರ್ ತಿಂಗಳಿಗಿಂತ ತಕ್ಕ ಕಾಲವಿಲ್ಲ. ಧರ್ಮಸಭೆಯು ಅಗಲಿದವರನ್ನು ಸ್ಮರಿಸುವ ತಿಂಗಳಿದು. ಕರ್ನಾಟಕದ ಕಥೋಲಿಕರು ಬಡವರ ವೈದ್ಯನೆಂದು ತಲೆತಲಾಂತರದಿಂದ ಗೌರವಿಸಿಕೊಂಡು ಬಂದಿರುವ ಒಬ್ಬ ಗುರುಗಳು ತೀರಿಕೊಂಡದ್ದೂ ಇದೇ ತಿಂಗಳ ಮೊದಲ ದಿನ, ಸಕಲ ಸಂತರ ಹಬ್ಬದಂದು. ಅದು 1910ನೇ ಇಸವಿ. ಅವರೇ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್. ಮಂಗಳೂರಿನ ಕಂಕನಾಡಿಯ ಆಸ್ಪತ್ರೆಗೆ ಹೋಗಿಬಂದ ಕುಟುಂಬಗಳು ನಮ್ಮಲ್ಲಿಯೂ ಇವೆ. ಆದರೆ ಆಸ್ಪತ್ರೆಯ ಹೆಸರಿನಲ್ಲಿರುವ ಆ ಮುಲ್ಲರ್ ಯಾರು ಎಂದು ಕೇಳಿದರೆ, ಯಾರೋ ಹಳೆಯ ಕಾಲದ ಪಾದ್ರಿಗಳಿರಬೇಕು ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಬರುವುದು ಕಡಿಮೆ.

ಮುಲ್ಲರ್ ಅವರು 1841ರ ಮಾರ್ಚ್ 13ರಂದು ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಜನಿಸಿದರು. ಅವರು ಸೇರಿದ ಯೇಸುಸಭೆಯನ್ನು ಜರ್ಮನ್ ಸರ್ಕಾರವು 1872ರಲ್ಲಿ ಕಾನೂನು ಮಾಡಿ ದೇಶದಿಂದ ಹೊರಹಾಕಿತು. ಇತ್ತ ಮಂಗಳೂರು ಮಿಶನ್ ಅಲ್ಲಿಯವರೆಗೆ ಕಾರ್ಮೆಲ್ ಸಭೆಯ ಗುರುಗಳ ಕೈಯಲ್ಲಿತ್ತು. ಜಗದ್ಗುರು ಹದಿಮೂರನೆಯ ಲಿಯೋ ಅವರು ಅದನ್ನು ಯೇಸುಸಭೆಗೆ ವಹಿಸಿದರು. ಆ ಸಭೆಯ ಮೊದಲ ತಂಡವು 1878ರ ಡಿಸೆಂಬರ್ 31ರಂದು ಮಂಗಳೂರಿನಲ್ಲಿ ಬಂದಿಳಿಯಿತು. ಹೀಗೆ ಬಂದ ಗುರುಗಳಲ್ಲಿ ಬಹುಪಾಲು ಇಟಲಿಯವರು. ಒಬ್ಬೊಬ್ಬರೂ ಒಂದೊಂದು ದಿಕ್ಕಿನಲ್ಲಿ ಸಮರ್ಥರು. ಫಾದರ್ ಆಂಜೆಲೊ ಮಫೆಯಿ ಅವರು ಕೊಂಕಣಿಗೆ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದರು. 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಮುಲ್ಲರ್ ಅವರಿಗೆ ದೊರೆತದ್ದು ಅಲ್ಲಿ ಪಾಠ ಹೇಳುವ ಕೆಲಸ.

ಅಂದರೆ ಅವರು ವೈದ್ಯರಾಗಿ ಬಂದವರಲ್ಲ. ಅವರ ಸಾಮಾನಿನಲ್ಲಿ ಹೋಮಿಯೋಪಥಿ ಔಷಧಗಳ ಒಂದು ಪೆಟ್ಟಿಗೆಯಿತ್ತು, ಆ ಪದ್ಧತಿಯ ತಿಳಿವಳಿಕೆಯಿತ್ತು. ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ ಮಾತ್ರೆ ಕೊಡುವುದರಿಂದ ಕೆಲಸ ಮೊದಲಾಯಿತು. ಸುದ್ದಿ ಹರಡಿ ಊರಿನ ಬಡವರು ಬರತೊಡಗಿದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವು ಹುಟ್ಟಿಕೊಂಡಿತು. ಮೊದಮೊದಲು ಒಂದು ಆಲದ ಮರದ ನೆರಳಿನಲ್ಲಿಯೇ ಔಷಧ ಕೊಡುತ್ತಿದ್ದರು ಎಂದು ಕಂಕನಾಡಿಯಲ್ಲಿ ಹೇಳಿಕೊಂಡು ಬರಲಾಗಿದೆ. ಇಂದಿನ ಮಂಗಳೂರನ್ನು ಕಂಡವರಿಗೆ ಅಂದಿನ ಊರನ್ನು ಊಹಿಸುವುದು ಕಷ್ಟ. ಅದು ಮದ್ರಾಸ್ ಪ್ರೆಸಿಡೆನ್ಸಿಯ ಒಂದು ಮೂಲೆಯಲ್ಲಿದ್ದ ಕಡಲತೀರದ ಪೇಟೆ. ರೈಲು ಬಂದದ್ದೇ 1907ರಲ್ಲಿ. ಕಂಕನಾಡಿಯಾದರೋ ಆ ಪೇಟೆಯ ಹೊರಗಿನ ಗುಡ್ಡ.

ಗುರುವೊಬ್ಬರು ಮದ್ದು ಕೊಡುವುದು ಕನ್ನಡ ನಾಡಿಗೆ ಹೊಸದಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ಮೈಸೂರು ಸೀಮೆಯಲ್ಲಿ ಫ್ರಾನ್ಸಿನ ಅಬೆ ದ್ಯುಬುವಾ ಅವರು ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕಾರ್ಯದಲ್ಲಿ ತೊಡಗಿದ್ದರು. ಆದರೆ ಅದು ಸರ್ಕಾರದ ಬೆಂಬಲದಿಂದ ನಡೆದ ಕಾರ್ಯ. ಮುಲ್ಲರ್ ಅವರ ಬೆನ್ನಿಗೆ ಅಂತಹ ಸರ್ಕಾರವಿರಲಿಲ್ಲ, ಬಳ್ಳಿಗಾವಿಯ ಮಠಕ್ಕಿದ್ದಂತೆ ಅರಸರ ದತ್ತಿಯೂ ಇರಲಿಲ್ಲ.

ಈ ಮಾತ್ರೆಗಳ ಬಗ್ಗೆ ಒಂದು ಮಾತನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು. ಹೋಮಿಯೋಪಥಿಯಲ್ಲಿ ನಂಬಿಕೆಯಿಟ್ಟಿರುವ ಕುಟುಂಬಗಳು ನಮ್ಮಲ್ಲಿ ಬಹಳ. ಆಧುನಿಕ ವೈದ್ಯವಿಜ್ಞಾನವಾದರೋ ಆ ಪದ್ಧತಿಯ ತತ್ತ್ವವನ್ನು ಒಪ್ಪುವುದಿಲ್ಲ. ನಡೆದಿರುವ ಪರೀಕ್ಷೆಗಳು ಅದರ ಪರವಾಗಿಲ್ಲ ಎನ್ನುತ್ತದೆ. ಹಾಗಾದರೆ ಕಂಕನಾಡಿಗೆ ನಡೆದು ಬಂದ ಸಾವಿರಾರು ಬಡವರು ಪಡೆದದ್ದೇನು? ಆ ಕಾಲವನ್ನು ನೆನಪಿನಲ್ಲಿಡಬೇಕು. 1880ರಲ್ಲಿ ಕ್ಷಯದ ರೋಗಾಣುವನ್ನು ಇನ್ನೂ ಯಾರೂ ಕಂಡಿರಲಿಲ್ಲ. ಅದನ್ನು ಕಾಕ್ ಕಂಡದ್ದು 1882ರಲ್ಲಿ. ಪೆನಿಸಿಲಿನ್ ಬರಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಿತ್ತು. ದೊಡ್ಡ ವೈದ್ಯರು ಕೊಡುತ್ತಿದ್ದ ಕಟುವಾದ ಔಷಧಗಳಲ್ಲಿ ಎಷ್ಟೋ ನಿಷ್ಪ್ರಯೋಜಕವಾಗಿದ್ದವು, ಕೆಲವು ಹಾನಿಕರವೂ ಆಗಿದ್ದವು. ಇಂತಹ ಹೊತ್ತಿನಲ್ಲಿ ಒಬ್ಬ ವಿದ್ಯಾವಂತನು ಬಡವನನ್ನು ಹತ್ತಿರ ಕೂರಿಸಿಕೊಂಡು, ಅವನ ನೋವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡು, ಹಾನಿ ಮಾಡದ ಮದ್ದು ಕೊಟ್ಟು, ಏನು ಉಣ್ಣಬೇಕು, ಹೇಗೆ ಶುಚಿಯಾಗಿರಬೇಕು ಎಂದು ಹೇಳಿ ಕಳಿಸಿದರೆ ಅದೇನೂ ಅಲ್ಪ ಉಪಕಾರವಲ್ಲ. ಚಳಿಜ್ವರದಂತಹ ರೋಗಕ್ಕೆ ಕ್ವಿನೈನೇ ಬೇಕಾಗಿತ್ತೆಂಬುದೂ ನಿಜ. ಅವರಿಗೆ ವೈದ್ಯ ಪದವಿಯಿರಲಿಲ್ಲವೆಂಬುದನ್ನು ಹಿಡಿದು ಪದವಿಯಿಲ್ಲದವರೆಲ್ಲ ಇಂದು ಸೂಜಿ ಹಿಡಿಯಬಹುದೆಂದು ಯಾರೂ ಭಾವಿಸಬಾರದು. ಹೋಮಿಯೋಪಥಿಗೂ 1973ರಿಂದ ಕೇಂದ್ರದ ಕಾಯಿದೆ ಬಂದಿದೆ. ಕಂಕನಾಡಿಯ ಸಂಸ್ಥೆಯೇ 1985ರಲ್ಲಿ ಹೋಮಿಯೋಪಥಿ ವೈದ್ಯ ಕಾಲೇಜನ್ನೂ 1999ರಲ್ಲಿ ಆಧುನಿಕ ವೈದ್ಯ ಪದ್ಧತಿಯ ಕಾಲೇಜನ್ನೂ ತೆರೆದಿದೆ.

ಮುಲ್ಲರ್ ಅವರ ಜಾಣ್ಮೆ ಇರುವುದು ಖರ್ಚಿನ ಲೆಕ್ಕದಲ್ಲಿ. ಅವರ ದೈವಭಕ್ತಿಯನ್ನು ಕೊಂಡಾಡುವ ಬರಹಗಳಲ್ಲಿ ಈ ಅಂಶಕ್ಕೆ ಸಿಗಬೇಕಾದಷ್ಟು ಸ್ಥಳ ಸಿಕ್ಕಿಲ್ಲವೆಂದು ನನಗೆ ಅನ್ನಿಸಿದೆ. ಹೋಮಿಯೋಪಥಿ ಔಷಧವು ಅಗ್ಗ. ಮೂಲ ಔಷಧವು ತೀರ ಕಡಿಮೆ ಸಾಕು. ಅದನ್ನು ಸಕ್ಕರೆಯ ಸಣ್ಣ ಗುಳಿಗೆಗಳಿಗೆ ಸೇರಿಸಿ ಸೀಸೆಯಲ್ಲಿ ತುಂಬಿದರೆ ಬಹುಕಾಲ ಕೆಡುವುದಿಲ್ಲ. ಒಂದು ಸೀಸೆಯ ತೂಕವೂ ಅಂಚೆಗೆ ಭಾರವಲ್ಲ. ಕೊಳ್ಳುವ ಶಕ್ತಿಯಿದ್ದವರಿಗೆ ಕಂಕನಾಡಿಯ ಔಷಧಗಳನ್ನು ಬೆಲೆಗೆ ಮಾರಲಾಯಿತು. ಅವು ಅಂಚೆಯಲ್ಲಿ ದೇಶದ ನಾನಾ ಮೂಲೆಗಳಿಗೆ ಹೋದವು. ಮನೆಯಲ್ಲಿಯೇ ನೋಡಿಕೊಂಡು ಬಳಸಲು ಅನುಕೂಲವಾಗುವಂತೆ ಮುಲ್ಲರ್ ಅವರು ಕೈಪಿಡಿಯನ್ನೂ ಬರೆದರು. ಹೀಗೆ ಮಾರಾಟದಿಂದ ಬಂದ ಹಣವೂ ದಾನಿಗಳು ಕೊಟ್ಟ ಹಣವೂ ಸೇರಿ, ಕೈಯಲ್ಲಿ ಬಿಡಿಗಾಸಿಲ್ಲದೆ ಬಾಗಿಲಿಗೆ ಬಂದವರ ಮದ್ದಿಗೂ ಗಂಜಿಗೂ ಒದಗಿದವು. ದೂರದ ಊರಿನಲ್ಲಿ ತನ್ನ ಮಗುವಿನ ಕೆಮ್ಮಿಗೆಂದು ಒಂದು ಸೀಸೆ ತರಿಸಿಕೊಂಡ ಗೃಹಸ್ಥನು ತನಗೆ ತಿಳಿಯದೆಯೇ ಕಂಕನಾಡಿಯ ಒಬ್ಬ ರೋಗಿಯ ಊಟಕ್ಕೆ ಪಾಲು ಸಲ್ಲಿಸುತ್ತಿದ್ದನು.

ಆ ಹಣ ಹೋದದ್ದು ಎಲ್ಲಿಗೆ ಎಂಬುದನ್ನು ನೋಡಿದರೆ ಈ ಗುರುಗಳ ಮನಸ್ಸು ತಿಳಿಯುತ್ತದೆ. ಔಷಧಾಲಯವು ನೆಲೆಯೂರಿ ಹತ್ತು ವರ್ಷಗಳಾದ ಮೇಲೆ, 1890ರಲ್ಲಿ, ಅವರು ಕೈ ಹಾಕಿದ ದೊಡ್ಡ ಕಾರ್ಯವೆಂದರೆ ಸಂತ ಜೋಸೆಫರ ಹೆಸರಿನ ಕುಷ್ಠರೋಗಿಗಳ ಆಶ್ರಮ. ಔಷಧ ಕೊಂಡು ಹಣ ಕೊಡಬಲ್ಲವರ ಅನುಕೂಲಕ್ಕೆ ಚೆಂದದ ಕಟ್ಟಡವನ್ನು ಕಟ್ಟಿಸಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಕಟ್ಟಿಸಿದ್ದು ಎಂದಿಗೂ ಒಂದು ಕಾಸನ್ನೂ ಕೊಡಲಾರದವರಿಗೆ, ಮನೆಯವರೇ ಹೊರಗೆ ನೂಕಿದವರಿಗೆ.

ಅದರ ಹಿಂದಿನ ವರ್ಷದ, ಅಂದರೆ 1889ರ ಏಪ್ರಿಲ್ 15ರಂದು, ಹವಾಯಿ ದ್ವೀಪಗಳ ಮೊಲೊಕಾಯಿಯಲ್ಲಿ ಕುಷ್ಠರೋಗಿಗಳ ನಡುವೆಯೇ ಬಾಳಿದ ಫಾದರ್ ದಾಮಿಯನ್ ಅದೇ ರೋಗದಿಂದ ಮೃತರಾಗಿದ್ದರು. ದಾಮಿಯನ್ ಹುಟ್ಟಿದ್ದು 1840ರಲ್ಲಿ. ಮುಲ್ಲರ್ ಅವರಿಗಿಂತ ಒಂದೇ ವರ್ಷ ದೊಡ್ಡವರು. ಅವರನ್ನು 2009ರಲ್ಲಿ ಸಂತ ಪದವಿಗೇರಿಸಿದ ದಿನ ನಮ್ಮ ದೇವಾಲಯಗಳಲ್ಲಿಯೂ ಪ್ರಾರ್ಥನೆಗಳು ಸಂದಿವೆ. ದಾಮಿಯನ್ ಅವರ ಮರಣದ ಸುದ್ದಿಯು ಲೋಕದ ಕಣ್ಣನ್ನು ಈ ರೋಗದ ಕಡೆಗೆ ತಿರುಗಿಸಿತು. ಇಂಗ್ಲೆಂಡಿನಲ್ಲಿ ನಿಧಿ ಕೂಡಿ, 1890-91ರಲ್ಲಿ ಕುಷ್ಠರೋಗ ಆಯೋಗವೊಂದು ಭಾರತಕ್ಕೆ ಬಂದು ಊರೂರು ಸುತ್ತಿತು. ಈ ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದು ಬಹಳ ಕಡಿಮೆ ಎಂಬುದು ಆಯೋಗದ ಅಭಿಪ್ರಾಯವಾಗಿತ್ತು. ಆದರೂ ಬ್ರಿಟಿಷ್ ಸರ್ಕಾರವು 1898ರಲ್ಲಿ ಕಾಯಿದೆಯೊಂದನ್ನು ತಂದಿತು. ಬೀದಿಯಲ್ಲಿ ಬೇಡುವ ಬಡ ಕುಷ್ಠರೋಗಿಗಳನ್ನು ಹಿಡಿದು ಆಶ್ರಮಗಳಲ್ಲಿ ಕೂಡಿಹಾಕಲು ಅದರಲ್ಲಿ ಅವಕಾಶವಿತ್ತು. ಅಂಜಿಕೆಯು ವಿಜ್ಞಾನಕ್ಕಿಂತ ಬಲವಾದದ್ದು. ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಕಂಡಿದ್ದರೂ ಇದು ದೇವರ ಶಾಪವೆಂಬ ಮಾತು ನಿಂತಿರಲಿಲ್ಲ. ಮದ್ದು ಎಂಬುದಾದರೋ ಆಗ ಇರಲೇ ಇಲ್ಲ. ಡ್ಯಾಪ್ಸೋನ್ ಮಾತ್ರೆಗಳು ಬಳಕೆಗೆ ಬಂದದ್ದು 1940ರ ದಶಕದಿಂದೀಚೆಗೆ. ಹಲವು ಔಷಧಗಳನ್ನು ಕೂಡಿಸಿ ಕೊಟ್ಟು ರೋಗವನ್ನು ಸಂಪೂರ್ಣ ಗುಣಪಡಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1980ರ ದಶಕದ ಆರಂಭದಲ್ಲಿ.

ಹೀಗಿರುವಾಗ ಗುಣವಾಗುವ ಭರವಸೆಯನ್ನು ಕೊಡಲಾಗದ ರೋಗಿಗೆ ವೈದ್ಯನು ಏನು ಕೊಡಬಲ್ಲ? ಮಲಗಲು ಚಾಪೆ, ಹುಣ್ಣು ತೊಳೆದು ಕಟ್ಟುವ ಬಟ್ಟೆ, ಹೊತ್ತಿಗೆ ಸರಿಯಾಗಿ ಊಟ, ಹೆಸರು ಹಿಡಿದು ಕರೆಯುವ ಒಬ್ಬ ಮನುಷ್ಯ. ಕ್ರೈಸ್ತರಲ್ಲದವರೂ ಅಲ್ಲಿಗೆ ಬಂದರು. ಪ್ರಭು ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದರು ಎಂಬ ಶುಭಸಂದೇಶದ ಪ್ರಸಂಗವನ್ನು ನಾವು ಬಲಿಪೂಜೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಗುಣಪಡಿಸುವುದಕ್ಕೆ ಒಂದು ಮಾತು ಸಾಕಾಗಿದ್ದರೂ ಪ್ರಭುವು ಮುಟ್ಟಿದ್ದೇಕೆ ಎಂಬುದು ಯೋಚಿಸತಕ್ಕ ವಿಷಯ. ಕಂಕನಾಡಿಯ ಆಶ್ರಮದಲ್ಲಿ ಮಾತಿನಿಂದ ಗುಣಪಡಿಸಬಲ್ಲವರು ಯಾರೂ ಇರಲಿಲ್ಲ, ಮುಟ್ಟುವವರು ಇದ್ದರು.

ಅಷ್ಟರಲ್ಲಿ ಪ್ಲೇಗು ಬಂತು. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಆ ಮಾರಿಯು 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. ಇಲಿ ಬಿದ್ದಿತೆಂದರೆ ಸಾಕು, ಜನರು ಮನೆಗೆ ಬೀಗ ಹಾಕಿ ಊರಾಚೆಯ ಹೊಲಗಳಲ್ಲಿ ಜೋಪಡಿ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಭಾಗದ ಹಿರಿಯರ ಬಾಯಿಯಲ್ಲಿಯೂ ಈ ಮಾತು ಉಳಿದುಬಂದಿದೆ. ಇಲಿಯಿಂದ ಮನುಷ್ಯನಿಗೆ ಪ್ಲೇಗನ್ನು ತಲಪಿಸುವುದು ಚಿಗಟವೆಂದು ಫ್ರಾನ್ಸಿನ ಸಿಮೊಂಡ್ ಅವರು ತೋರಿಸಿದ್ದು 1898ರಲ್ಲಿ; ಆ ಮಾತನ್ನು ವೈದ್ಯಲೋಕವು ಒಪ್ಪಲು ಇನ್ನೂ ಕೆಲವು ವರ್ಷಗಳು ಹಿಡಿದವು. 1902ರಲ್ಲಿ ಮಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಮುಲ್ಲರ್ ಅವರಿಗೆ ಅರುವತ್ತೊಂದು ವರ್ಷ. ಅವರು ಪ್ಲೇಗು ರೋಗಿಗಳಿಗಾಗಿಯೇ ಒಂದು ಆಸ್ಪತ್ರೆಯನ್ನು ತೆರೆದರು. ಊರು ರೋಗಿಯಿಂದ ದೂರ ಓಡುತ್ತಿದ್ದಾಗ ಬೇರೊಂದು ದಿಕ್ಕಿಗೆ ನಡೆಯುವುದು ಅವರಿಗೆ ರೂಢಿಯಾಗಿತ್ತೆಂದು ಕಾಣುತ್ತದೆ.

ಒಂದು ಸಣ್ಣ ಮಾತು. ಪ್ಲೇಗು ಬರುವುದಕ್ಕೆ ಸ್ವಲ್ಪ ಮುಂಚೆ, 1899ರಿಂದ 1901ರವರೆಗೆ, ಇಟಲಿಯಿಂದ ಬಂದ ಬ್ರದರ್ ಆಂಟೋನಿಯೋ ಮೊಸ್ಕೆನಿ ಅವರು ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ ಛಾವಣಿಗಳ ತುಂಬ ಚಿತ್ರಗಳನ್ನು ಬರೆದರು. ಮಂಗಳೂರಿಗೆ ಹೋದ ನಮ್ಮವರು ಅದನ್ನು ತಪ್ಪದೆ ನೋಡುತ್ತಾರೆ, ನೋಡತಕ್ಕದ್ದೇ. ಅದೇ ಸಭೆಯ ಮುಲ್ಲರ್ ಅವರ ಕೈಕೆಲಸ ಇರುವುದು ಕಂಕನಾಡಿಯಲ್ಲಿ. ಅಲ್ಲಿಗೆ ಯಾರೂ ನೋಡಲೆಂದು ಹೋಗುವುದಿಲ್ಲ. ಮೈ ಕೆಟ್ಟಾಗ ಹೋಗುತ್ತಾರೆ.

ಮುಲ್ಲರ್ ಅವರು ಮೂವತ್ತು ವರ್ಷ ಒಂದೇ ಊರಿನಲ್ಲಿ ಉಳಿದರು. ವೈದ್ಯರನ್ನು ಗೌರವಿಸಿರೆಂದು ಸಿರಾಖ ಗ್ರಂಥದ 38ನೇ ಅಧ್ಯಾಯವು ನಮಗೆ ವಿಧಿಸುತ್ತದೆ. ಆ ಅಧ್ಯಾಯವನ್ನು ಅಕ್ಟೋಬರ್ 18ರಂದು, ವೈದ್ಯನಾಗಿದ್ದ ಸಂತ ಲೂಕನ ಹಬ್ಬದ ದಿನ, ಮನೆಮಂದಿಯೆಲ್ಲ ಕೂಡಿ ಓದಿದರೆ ಒಳ್ಳೆಯದು. ಆದರೆ ಸಣ್ಣ ಊರಿನ ವೈದ್ಯನಿಗೆ ಸಲ್ಲಬೇಕಾದ ಗೌರವದಲ್ಲಿ ಶಾಲು, ಹಾರ, ಫಲತಾಂಬೂಲಗಳದ್ದು ಕಿರಿಯ ಭಾಗ. ಆನವಟ್ಟಿ, ಸೊರಬ, ಶಿರಾಳಕೊಪ್ಪಗಳ ಜನರು ಒಂದಿಷ್ಟು ದೊಡ್ಡ ಕಾಯಿಲೆಯಾದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಮಂಗಳೂರಿಗೋ ವಾಹನ ಹಿಡಿಯಬೇಕು. ಘಟ್ಟದ ದಾರಿಯಲ್ಲಿ ರಾತ್ರಿ ಹೊತ್ತು ರೋಗಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಹೋದವರಿಗೆ ಹತ್ತಿರದಲ್ಲೊಬ್ಬ ವೈದ್ಯರಿರುವುದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕುಟುಂಬಗಳಲ್ಲಿ ಮಕ್ಕಳು ವೈದ್ಯ ಕಾಲೇಜಿಗೆ ಸೇರಿದಾಗ ದೇವಾಲಯದಲ್ಲಿ ಕೃತಜ್ಞತಾ ಪೂಜೆ ಅರ್ಪಿಸುತ್ತೇವೆ. ಓದು ಮುಗಿಸಿದ ಮಗ ಅಥವಾ ಮಗಳು, ನಾನು ನಮ್ಮ ತಾಲ್ಲೂಕಿಗೇ ಬರುತ್ತೇನೆ ಎಂದಾಗ ಸಂತೋಷಪಡುವ ತಂದೆತಾಯಿ ಎಷ್ಟು ಮಂದಿ? ಸಾಲದ ಕಂತು, ಮದುವೆಯ ಮಾತು, ನೆರೆಯವರ ಮಗ ಕೊಲ್ಲಿ ದೇಶದಲ್ಲಿ ಗಳಿಸುವ ಹಣ ಇವೆಲ್ಲ ಆಗ ಎದುರಿಗೆ ಬರುತ್ತವೆ. ಅವರನ್ನು ದೂರುವುದು ಸುಲಭ, ನ್ಯಾಯವಲ್ಲ. ಮುಲ್ಲರ್ ಅವರಿಗೆ ಸಂಸಾರವಿರಲಿಲ್ಲ, ಹಿಂದೆ ಒಂದು ಸಭೆಯಿತ್ತು. ಸಂಸಾರಸ್ಥನಾದ ವೈದ್ಯನು ಬಡವರ ಖರ್ಚನ್ನು ಒಬ್ಬನೇ ಹೊರಲಾರ. ಕಂಕನಾಡಿಯಲ್ಲಿ ಅದನ್ನು ಔಷಧ ಕೊಂಡವರು ಹೊತ್ತರು. ನಮ್ಮಲ್ಲಿ ಯಾರು ಹೊರಬಹುದು ಎಂಬುದನ್ನು ಧರ್ಮಕೇಂದ್ರಗಳ ಪಾಲನಾ ಸಮಿತಿಗಳು ಕುಳಿತು ಲೆಕ್ಕ ಹಾಕಬಾರದೇಕೆ? 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ ರಚನೆಯಾದಂದಿನಿಂದ ಶಾಲೆಗಳಿಗಾಗಿ ಇಂತಹ ಲೆಕ್ಕವನ್ನು ಹಾಕಲು ನಾವು ಚೆನ್ನಾಗಿ ಕಲಿತಿದ್ದೇವೆ.

ಮುಲ್ಲರ್ ಅವರ ಔಷಧಾಲಯವು ಇಂದು ಅವರದೇ ಹೆಸರಿನ ದೊಡ್ಡ ಸಂಸ್ಥೆಯಾಗಿ ಬೆಳೆದು ಮಂಗಳೂರು ಧರ್ಮಪ್ರಾಂತದ ಆಡಳಿತದಲ್ಲಿದೆ. ಆಸ್ಪತ್ರೆ, ವೈದ್ಯ ಕಾಲೇಜು, ಶುಶ್ರೂಷಕಿಯರ ಶಿಕ್ಷಣ, ಔಷಧ ತಯಾರಿಕೆ ಎಲ್ಲವೂ ಅದರೊಳಗಿವೆ. ಕುಷ್ಠರೋಗವು ದೇಶದ ಮಟ್ಟದಲ್ಲಿ ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆಯಾಯಿತೆಂದು ಸರ್ಕಾರವು 2005ರ ಕೊನೆಯಲ್ಲಿ ಪ್ರಕಟಿಸಿತು. ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಮೈಮೇಲೆ ಸ್ಪರ್ಶಜ್ಞಾನವಿಲ್ಲದ ತಿಳಿ ಬಣ್ಣದ ಮಚ್ಚೆ ಕಂಡರೆ ತಡಮಾಡದೆ ತೋರಿಸಿದರಾಯಿತು, ಬೆರಳು ಹೋಗುವ ಪ್ರಮೇಯವೇ ಇಲ್ಲ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿವಾಹ ವಿಚ್ಛೇದನ ಕಾಯಿದೆಯಲ್ಲಿ, 2001ರ ತಿದ್ದುಪಡಿಯ ಮೂಲಕ, ಗಂಡನಿಗಾಗಲಿ ಹೆಂಡತಿಗಾಗಲಿ ವಾಸಿಯಾಗದ ಕುಷ್ಠರೋಗವಿದ್ದರೆ ಅದು ವಿಚ್ಛೇದನಕ್ಕೆ ಒಂದು ಕಾರಣವೆಂದು ಸೇರಿಸಲಾಗಿತ್ತು. ರೋಗಕ್ಕೆ ಮದ್ದು ಬಂದು ಇಪ್ಪತ್ತು ವರ್ಷಗಳು ಸಂದಿದ್ದ ಕಾಲವದು. ಆ ಮಾತನ್ನು ಸಂಸತ್ತು ಕಾಯಿದೆಯಿಂದ ತೆಗೆದುಹಾಕಿದ್ದು 2019ರಲ್ಲಿ. ಕಂಕನಾಡಿಯ ಆಶ್ರಮ ಬಾಗಿಲು ತೆರೆದ ನೂರ ಇಪ್ಪತ್ತೊಂಬತ್ತು ವರ್ಷಗಳ ಬಳಿಕ.